ಮೆಸೇಜ್ ಸಾಕೇ, ಫೋನ್ ಮಾಡಬೇಕೇ? ದೂರ ಇರುವ ಗಂಡ-ಹೆಂಡತಿಯರಿಗೆ ಒಂದು ಮಾಹಿತಿ



2008ರಲ್ಲಿ ಶಂಶಾಬಾದಿಗೆ ವಿಮಾನ ನಿಲ್ದಾಣ ಬಂತು. ನಿಮ್ಮಲ್ಲಿ ಕೆಲವರು ಸಂಸಾರ ಸಮೇತ ಇಲ್ಲಿದ್ದೀರಿ. ಇನ್ನು ಕೆಲವರು ಹೆಂಡತಿ-ಮಕ್ಕಳನ್ನು ರಾಯಚೂರು, ಯಾದಗಿರಿ ಕಡೆ ಬಿಟ್ಟು, ಹಬ್ಬಕ್ಕೊಮ್ಮೆ ಬಸ್ಸು ಹತ್ತುತ್ತೀರಿ. "ಮದುವೆಯಾದ ಹೊಸತರಲ್ಲಿ ಇದ್ದ ಹಂಬಲ ಈಗಿಲ್ಲ, ಪ್ರೀತಿ ಹೋಯಿತಾ?" ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಈ ಅನುಮಾನ ಇದೆ.

ಮೊದಲು ಹಂಬಲದ ವಿಷಯ ನೋಡಿ. 2005ರಲ್ಲಿ ಅಮೆರಿಕದ ಹೆಲೆನ್ ಫಿಶರ್ ಮತ್ತು ಸಂಗಡಿಗರು, ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 17 ಜನರಿಗೆ ಅವರ ಪ್ರೀತಿಪಾತ್ರರ ಫೋಟೋ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಡೋಪಮೈನ್ ಎಂಬ ರಾಸಾಯನಿಕ ಹುಟ್ಟುವ ಭಾಗ ಚುರುಕಾಗಿತ್ತು. "ಬೇಕು, ಇನ್ನೂ ಬೇಕು" ಅನ್ನಿಸುವುದು ಇದರಿಂದಲೇ. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಒಂದೇ ಮುಖ ಕಣ್ಣಮುಂದೆ ಬರುವುದು ಎಲ್ಲ ಈ ಹಂತದ್ದು. ಈ ಅಬ್ಬರ ಕಾಲ ಕಳೆದಂತೆ ಇಳಿಯುತ್ತದೆ. ಇಳಿಯಲೇಬೇಕು, ಇಲ್ಲದಿದ್ದರೆ ಡ್ಯೂಟಿ ಮಾಡುವವರು ಯಾರು?

ಅದೇ ತಂಡದವರು ಮುಂದೆ, ಮದುವೆಯಾಗಿ ಸರಾಸರಿ 21 ವರ್ಷವಾಗಿದ್ದು ಈಗಲೂ ಸಂಗಾತಿಯನ್ನು ಗಾಢವಾಗಿ ಪ್ರೀತಿಸುತ್ತೇವೆ ಎಂದವರನ್ನೂ ಪರೀಕ್ಷಿಸಿದರು. ಡೋಪಮೈನ್ ಭಾಗ ಅವರಲ್ಲೂ ಚುರುಕಾಗಿತ್ತು. ಜೊತೆಗೆ ತಾಯಿ-ಮಗುವಿನಂಥ ಬಾಂಧವ್ಯಕ್ಕೆ ಸಂಬಂಧಪಟ್ಟ ಭಾಗಗಳೂ ಕೆಲಸ ಮಾಡುತ್ತಿದ್ದವು. ಹಾಗಾಗಿ ಮೊದಲಿನ ಚಡಪಡಿಕೆ ಇಲ್ಲ ಎಂದರೆ ಪ್ರೀತಿ ಇಲ್ಲ ಎಂದು ಲೆಕ್ಕ ಹಾಕಬೇಡಿ.

ಈ ಬಾಂಧವ್ಯದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪಾತ್ರವೂ ಇದೆ. ಮುಟ್ಟಿದಾಗ, ಅಪ್ಪಿಕೊಂಡಾಗ, ತಾಯಿ ಹಾಲೂಡಿಸುವಾಗ ಇದು ಬಿಡುಗಡೆಯಾಗುತ್ತದೆ. ದೂರ ಇರುವವರು ಏನು ಮಾಡಬೇಕು? ಇದಕ್ಕೆ ಹತ್ತಿರದ ಉತ್ತರ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂದಿದೆ. 2010ರ ಅಧ್ಯಯನದಲ್ಲಿ 7ರಿಂದ 12 ವರ್ಷದ ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಕೇಳಿದರು. ಮಕ್ಕಳು ಗಾಬರಿಯಾದರು. ಆಮೇಲೆ ಕೆಲವರಿಗೆ ತಾಯಿ ಎದುರಿಗೇ ಸಿಕ್ಕಳು, ಕೆಲವರಿಗೆ ಫೋನಿನಲ್ಲಿ ಮಾತ್ರ ಸಿಕ್ಕಳು. ಫೋನಿನಲ್ಲಿ ತಾಯಿಯ ದನಿ ಕೇಳಿದವರಲ್ಲೂ ಆಕ್ಸಿಟೋಸಿನ್ ಏರಿತು, ಆತಂಕದ ಹಾರ್ಮೋನಾದ ಕಾರ್ಟಿಸೋಲ್ ಇಳಿಯಿತು. 2012ರಲ್ಲಿ ಇದನ್ನೇ ಮೆಸೇಜ್ ಮೂಲಕ ಮಾಡಿದಾಗ ಆಕ್ಸಿಟೋಸಿನ್ ಏರಲಿಲ್ಲ. ತಾಯಿಯ ಜೊತೆ ಮಾತೇ ಆಡದವರಷ್ಟೇ ಆತಂಕ ಈ ಮಕ್ಕಳಲ್ಲೂ ಉಳಿದಿತ್ತು.

ಇದು ತಾಯಿ-ಮಗಳ ಮೇಲೆ ನಡೆದ ಪರೀಕ್ಷೆ ನಿಜ, ಗಂಡ-ಹೆಂಡತಿಯ ಮೇಲೆ ನಡೆದದ್ದಲ್ಲ. ಆದರೂ "ಊಟ ಆಯ್ತಾ?" ಎಂದು ಟೈಪ್ ಮಾಡುವ ಬದಲು, ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿ. ರೀಲ್ಸ್ ನೋಡುತ್ತ ಹೂಂಗುಟ್ಟಿದರೆ ಲೆಕ್ಕಕ್ಕಿಲ್ಲ! ಬೆಳಗಿನ ಗುಲಾಬಿ ಹೂವಿನ ಫೋಟೋವೂ ಅಷ್ಟೇ.

"ಪ್ರೀತಿ ಹಾರ್ಮೋನ್" ಎಂದು ಆನ್‌ಲೈನಿನಲ್ಲಿ ಮಾರುವ ಸ್ಪ್ರೇಗಳಿಗೆ ಹಣ ಹಾಕಬೇಡಿ. ಆಕ್ಸಿಟೋಸಿನ್ ಒಂದು ಔಷಧ. ಹೆರಿಗೆಯಲ್ಲಿ ರಕ್ತಸ್ರಾವ ತಡೆಯಲು ವೈದ್ಯರು ಕೊಡುವ ಇಂಜೆಕ್ಷನ್ ಇದೇ. ಹಾಲು ಇಳಿಸಲು ಎಮ್ಮೆಗಳಿಗೆ ಕದ್ದು ಚುಚ್ಚುವುದೂ ಇದನ್ನೇ. ಆ ದುರುಪಯೋಗ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳನ್ನು ಬಿಟ್ಟು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್‌ಗೆ ಮಾತ್ರ ಇದರ ತಯಾರಿಕೆ ವಹಿಸಿತ್ತು. ಆ ಆದೇಶವನ್ನು ಅದೇ ವರ್ಷ ದೆಹಲಿ ಹೈಕೋರ್ಟ್ ರದ್ದು ಮಾಡಿತು.

ಇನ್ನೊಂದು ಮಾತು. ದೂರ ಇರುವ ಬೇಸರ ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಅಥವಾ ಆ ನೋವನ್ನು ಕುಡಿತದಲ್ಲಿ ಮುಳುಗಿಸುತ್ತಿದ್ದರೆ ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.