ಬಿಳಿಬಾಲದ ಜಿಂಕೆಯ ಮೂಗಿಗೆ ಕಟ್ಟುವ ಮರೆ

ಉತ್ತರ ಅಮೆರಿಕದ ಕಾಡುಗಳಲ್ಲಿ ಮತ್ತು ಹೊಲದಂಚಿನ ತೋಪುಗಳಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರು, ತಮ್ಮ ಮೈವಾಸನೆ ಆ ಪ್ರಾಣಿಗೆ ತಿಳಿಯದಿರಲೆಂದು ಸುತ್ತಲಿನ ಗಿಡಮರಗಳ ವಾಸನೆಯನ್ನೇ ಉಡುಪಿಗೆ ಹಿಡಿಸಲು ಬಳಸುವ ದ್ರವಕ್ಕೆ ‘ಕವರ್ ಸೆಂಟ್’ ಎಂದು ಹೆಸರು; ಕನ್ನಡದಲ್ಲಿ ಇದನ್ನು ಮರೆವಾಸನೆ ಎನ್ನಬಹುದು. ಅಂಗಡಿಗಳಲ್ಲಿ ಬಾಟಲಿಗಟ್ಟಲೆ ಮಾರಾಟವಾಗುವ ಈ ವಸ್ತುವನ್ನು ಅನೇಕರು ಇಂದಿಗೂ ಮನೆಯ ಒಲೆಯ ಮೇಲೆ, ಕಷಾಯ ಕಾಯಿಸುವ ಕ್ರಮದಲ್ಲಿಯೇ ತಯಾರಿಸಿಕೊಳ್ಳುತ್ತಾರೆ. ಬೇಟೆಗಾರರು ಬಳಸುವ ಇನ್ನೆರಡು ಸರಕುಗಳಿಂದ ಇದನ್ನು ಬೇರ್ಪಡಿಸಿ ನೋಡಬೇಕು. ಹೆಣ್ಣುಜಿಂಕೆಯ ಮೂತ್ರದಿಂದ ತಯಾರಾಗಿ ಗಂಡನ್ನು ಹತ್ತಿರಕ್ಕೆ ಸೆಳೆಯುವಂಥದು ಆಕರ್ಷಕ; ಮೈವಾಸನೆಯನ್ನು ರಾಸಾಯನಿಕವಾಗಿ ಅಳಿಸಲು ಯತ್ನಿಸುವಂಥದು ವಾಸನಾನಾಶಕ; ಸೆಳೆಯುವ ಅಥವಾ ಅಳಿಸುವ ಗೊಡವೆಗೆ ಹೋಗದೆ, ಇರುವ ವಾಸನೆಯ ಮುಂದೆ ಇನ್ನೊಂದನ್ನು ಅಡ್ಡ ನಿಲ್ಲಿಸುವುದಷ್ಟೇ ಮರೆವಾಸನೆಯ ಕೆಲಸ.

ಜಿಂಕೆಯ ಬೇಟೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ, ಕನ್ನಡದ ಓದುಗರಿಗೆ ಅಮೆರಿಕದ ಹಿನ್ನೆಲೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕಾಗುತ್ತದೆ. ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ನಡೆದ ಕೊಲೆಯಿಂದ 1900ರ ಹೊತ್ತಿಗೆ ಕೆಲವೇ ಲಕ್ಷಕ್ಕೆ ಇಳಿದಿದ್ದ ಈ ಜಿಂಕೆಗಳ ಸಂಖ್ಯೆ, ಮಾರಾಟದ ಬೇಟೆಗೆ ಬಿದ್ದ ತಡೆ, ಋತು ಮತ್ತು ಪರವಾನಗಿಗಳ ಕಟ್ಟುಪಾಡು, ಬಂದೂಕು ಮತ್ತು ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆಂದೇ ಮೀಸಲಿಟ್ಟ 1937ರ ಕಾನೂನು, ಇವೆಲ್ಲವುಗಳಿಂದ ಮತ್ತೆ ಬೆಳೆದು ಇಂದು ಸುಮಾರು 3 ಕೋಟಿಯಷ್ಟಿದೆ. ಬಂದೂಕಿನವನು ದೂರದಿಂದಲೇ ಗುರಿಯಿಡಬಲ್ಲ; ಬಿಲ್ಲಿನವನಿಗಾದರೋ ಜಿಂಕೆ 20–30 ಗಜದೊಳಗೆ ಬರಬೇಕು. ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ 1960ರ ದಶಕದಲ್ಲಿ ರೂಪಿಸಿದ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲು ಈ ಬೇಟೆಯನ್ನು ಸಾಮಾನ್ಯರ ಕೈಗೆಟುಕಿಸಿತು. ಅದರೊಂದಿಗೆ ವಾಸನೆಯ ಚಿಂತೆಯೂ ಮನೆಮನೆಗೆ ಬಂದಿತು.

ಆ ಚಿಂತೆಗೆ ಕಾರಣವುಂಟು. ಸದಾ ಒದ್ದೆಯಾಗಿರುವ ಜಿಂಕೆಯ ಮೂಗು ಗಾಳಿಯಲ್ಲಿ ತೇಲಿಬಂದ ವಾಸನೆಯ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಬಾಯಿಯ ಅಂಗುಳಿನ ಮೇಲ್ಭಾಗದಲ್ಲಿ ಜಾಕೋಬ್ಸನ್ ಅಂಗವೆಂಬ ಎರಡನೆಯ ಘ್ರಾಣಸಾಧನವೂ ಇದ್ದು, ಮೂತ್ರದಲ್ಲಿರುವ ಲೈಂಗಿಕ ಸಂಕೇತಗಳನ್ನು ಅದು ಗುರುತಿಸುತ್ತದೆ. ಗೊರಸುಗಳ ನಡುವೆ, ಹಿಂಗಾಲಿನ ಕೀಲಿನಲ್ಲಿ, ಹಣೆಯಲ್ಲಿ, ಕಣ್ಣಿನ ಕೊನೆಯಲ್ಲಿ ಗ್ರಂಥಿಗಳನ್ನು ಹೊತ್ತು ತಿರುಗುವ ಈ ಪ್ರಾಣಿಗೆ ವಾಸನೆಯೆಂದರೆ ಓದುವ ಬರಹವಿದ್ದಂತೆ. ಮನುಷ್ಯನ ಬೆವರಿಗೆ ಹೊರಬಂದ ಕ್ಷಣದಲ್ಲಿ ಹೆಚ್ಚಿನ ವಾಸನೆಯಿರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವ ಹುಳಿ ಆಮ್ಲಗಳೇ ಮೈವಾಸನೆ. ಹೀಗಾಗಿ ಮರೆವಾಸನೆಯ ತಯಾರಿ ಪಾತ್ರೆಯಿಂದಲ್ಲ, ಬಟ್ಟೆ ಒಗೆಯುವ ಕಲ್ಲಿನಿಂದ ಆರಂಭವಾಗುತ್ತದೆ ಎಂದರೆ ತಪ್ಪಾಗದು. ಬೇಟೆಯ ಉಡುಪನ್ನು ಪರಿಮಳವಿಲ್ಲದ ಸಾಬೂನು ಅಥವಾ ಅಡುಗೆ ಸೋಡದಲ್ಲಿ ಒಗೆದು, ಬಯಲ ಗಾಳಿಯಲ್ಲಿ ಒಣಗಿಸಲಾಗುತ್ತದೆ. ಬಟ್ಟೆಗೆ ಹೊಳಪು ಕೊಡುವ ಮಾರ್ಜಕಗಳನ್ನು ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಕೆಂಪನ್ನು ಸರಿಯಾಗಿ ಕಾಣದ ಜಿಂಕೆಯ ಕಣ್ಣು ನೀಲಿಯನ್ನು ಚೆನ್ನಾಗಿ ಕಾಣುವುದರಿಂದ, ಅಂಥ ಬಟ್ಟೆ ಮುಸ್ಸಂಜೆಯಲ್ಲಿ ಅದಕ್ಕೆ ಎದ್ದು ತೋರುತ್ತದೆ.

ಕಷಾಯಕ್ಕೆ ಬೇಕಾದ ಸೊಪ್ಪನ್ನು ಬೇಟೆಯಾಡುವ ಜಾಗದಿಂದಲೇ ತರಬೇಕೆಂಬುದು ಈ ಕಸುಬಿನ ಮೊದಲ ನಿಯಮ. ಮಿಶಿಗನ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಉತ್ತರದ ಕಾಡುಗಳಲ್ಲಿ ಪೈನ್ ಮರದ ಸೂಜಿಯೆಲೆ ಹೊಂದುತ್ತದೆ. ಮಿಸೌರಿಯಲ್ಲಿ ಕೆಂಪು ಸೀಡರ್ (ಹೆಸರಿಗೆ ಸೀಡರ್, ಸಸ್ಯಶಾಸ್ತ್ರದ ಪ್ರಕಾರ ಜೂನಿಪರ್) ಮತ್ತು ಓಕ್ ಮರದ ಕಾಯಿ. ಹಳೆಯ ಹಣ್ಣಿನ ತೋಟಗಳ ಬಳಿ ಸೇಬು. ಪೈನ್ ಮರವೇ ಇಲ್ಲದ ಮೆಕ್ಕೆಜೋಳದ ಬಯಲಿನಲ್ಲಿ ಪೈನ್ ವಾಸನೆ ಬೀರುತ್ತ ಕುಳಿತವನು ಮರೆಯಾಗುವುದಿಲ್ಲ, ತನ್ನ ಇರವನ್ನು ತಾನೇ ಸಾರಿಕೊಳ್ಳುತ್ತಾನೆ.

ಸೀಡರ್ ಕಷಾಯದ ವಿಧಾನವನ್ನೇ ನೋಡಬಹುದು. ಎರಡು ಮೂರು ಹಿಡಿಯಷ್ಟು ಹಸಿರು ತುದಿಗಳನ್ನು ಕತ್ತರಿಸಿ, ಕಲ್ಲಿನಿಂದ ಒಮ್ಮೆ ಜಜ್ಜಿ, ಮುಳುಗುವಷ್ಟು ನೀರೆರೆದು ಮುಚ್ಚಳ ಹಾಕಿ, ಕೊತಕೊತ ಕುದಿಯಲು ಬಿಡದೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಲಾಗುತ್ತದೆ. ಎಲೆಯೊಳಗಿನ ಪೈನೀನ್ ಮೊದಲಾದ ಟರ್ಪೀನುಗಳು, ಅಂದರೆ ಬೇಗ ಆವಿಯಾಗುವ ಸುಗಂಧ ತೈಲಾಂಶಗಳು, ಉಗಿಯೊಡನೆ ಹಾರಿಹೋಗುವ ಸ್ವಭಾವದವು. ಮೈಸೂರಿನಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವುದು ಇದೇ ತತ್ತ್ವದ ಮೇಲೆ. ಮುಚ್ಚಳ ತೆಗೆದಿಟ್ಟವನ ಅಡುಗೆಮನೆಯೆಲ್ಲ ಕಾಡಿನಂತೆ ಘಮಘಮಿಸುತ್ತದೆ, ಪಾತ್ರೆಯಲ್ಲಿ ಉಳಿಯುವುದು ಬಣ್ಣದ ನೀರು ಮಾತ್ರ. ಆರಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ ಸಿಂಪಡಿಸುವ ಬಾಟಲಿಗೆ ತುಂಬಿದರೆ, ನೀರಿನೊಡನೆ ಬೆರೆಯದ ಎಣ್ಣೆಯ ಪದರ ಮೇಲೆ ತೇಲುವುದರಿಂದ, ಪ್ರತಿಸಲವೂ ಕುಲುಕಿಯೇ ಬಳಸಬೇಕು. ಕೆಡದಂತೆ ಕಾಯುವ ಯಾವ ಪದಾರ್ಥವೂ ಇದರಲ್ಲಿಲ್ಲದ ಕಾರಣ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು. ಹುಳಿಬಂದ ಕಷಾಯ ಯಾವ ಕಾಡಿನ ವಾಸನೆಯೂ ಅಲ್ಲ.

ಒಲೆಯನ್ನೇ ಹಚ್ಚದೆ ಮಾಡುವ ಇನ್ನೊಂದು ಕ್ರಮವೂ ರೂಢಿಯಲ್ಲಿದೆ: ಬೇಟೆಯ ಜಾಗದ ತರಗೆಲೆ ಮತ್ತು ಮಣ್ಣನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಒಗೆದ ಉಡುಪಿನೊಡನೆ ಮುಚ್ಚಿದ ಡಬ್ಬದಲ್ಲಿ ವಾರಗಟ್ಟಲೆ ಇಡುವುದು. ಮೊದಲ ಮಳೆಗೆ ನೆಲದಿಂದೇಳುವ ಕಂಪಿಗೆ ಕಾರಣವಾದ, ಮಣ್ಣಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತುವೇ ಇಲ್ಲಿ ಬಟ್ಟೆಗೆ ಹತ್ತುತ್ತದೆ. ಇದು ಕಷಾಯಕ್ಕಿಂತ ನಿಧಾನವಾದರೂ ಹೆಚ್ಚು ನಂಬಬಹುದಾದ ದಾರಿ. ಇನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಡುಗೆ ಸೋಡ ಬೆರೆಸಿ ಮಾಡುವ ವಾಸನಾನಾಶಕದ ಮಾತು ಬೇರೆ. ಸ್ಕಂಕ್ ಪ್ರಾಣಿಯ ದುರ್ವಾಸನೆ ಕಳೆಯಲು ರಸಾಯನಶಾಸ್ತ್ರಜ್ಞ ಪಾಲ್ ಕ್ರೆಬಾಮ್ 1993ರಲ್ಲಿ ಪ್ರಕಟಿಸಿದ ಮಿಶ್ರಣವನ್ನು ಹೋಲುವ ಈ ದ್ರವವನ್ನು ಬಿಗಿಯಾಗಿ ಮುಚ್ಚಿಟ್ಟರೆ, ಒಳಗೆ ಬಿಡುಗಡೆಯಾಗುವ ಆಮ್ಲಜನಕದ ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

ನರಿ ಮತ್ತು ರಕೂನ್‌ಗಳ ಮೂತ್ರವನ್ನು ಬೂಟಿನ ಅಡಿಗೆ ಸವರುವ ಪದ್ಧತಿಯೂ ಹಳೆಯದೇ. ಆದರೆ ಜಿಂಕೆಯ ಮೂತ್ರದ ವಿಷಯದಲ್ಲಿ ಕಾನೂನು ಈಗ ಬಿಗಿಯಾಗಿದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡ, ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬಂದು ಮೆದುಳನ್ನು ತೂತುತೂತಾಗಿಸುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ರೋಗ ಮೂತ್ರದಿಂದಲೂ ಹರಡಬಹುದಾದ್ದರಿಂದ, ವರ್ಜೀನಿಯಾ, ವರ್ಮಾಂಟ್ ಮುಂತಾದ ರಾಜ್ಯಗಳು ಜಿಂಕೆಯ ನೈಸರ್ಗಿಕ ಮೂತ್ರದ ಬಳಕೆಯನ್ನು ನಿಷೇಧಿಸಿವೆ. ಸೊಪ್ಪಿನ ಕಷಾಯಕ್ಕೆ ಅಂಥ ಭಯವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಜಿಂಕೆ ಮೋಸಹೋಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಷ್ಟೇನೂ ಉತ್ಸಾಹ ತರುವಂಥದಲ್ಲ. ಬಲವಾದ ವಾಸನೆಯೊಂದು ದುರ್ಬಲವಾದುದನ್ನು ಮುಚ್ಚಿಹಾಕುತ್ತದೆಂಬುದು ಮನುಷ್ಯನ ಮೂಗಿನ ಅನುಭವ. ಬೆರೆತ ವಾಸನೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲ ಪ್ರಾಣಿಗೆ ಸೀಡರ್ ಮತ್ತು ಮನುಷ್ಯ ಇಬ್ಬರೂ ಅಲ್ಲಿದ್ದಾರೆಂದು ತಿಳಿಯುವ ಸಂಭವವೇ ಹೆಚ್ಚು. ವಾಸನೆ ಹೀರುವ ಇಂಗಾಲದ ಉಡುಪು ತೊಟ್ಟು ಅಡಗಿದವರನ್ನು ತರಬೇತಿ ಪಡೆದ ನಾಯಿಗಳು ಬಹುತೇಕ ಪ್ರತಿಬಾರಿಯೂ ಪತ್ತೆಹಚ್ಚಿದುದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಮರೆವಾಸನೆಯ ನಿಜವಾದ ಲಾಭ ಮೈ ಮತ್ತು ಬಟ್ಟೆಗಳ ಶುಚಿಯಲ್ಲಿದೆ, ಜಾಗದ ಗಿಡಮರಗಳನ್ನು ಹೆಸರು ಹಿಡಿದು ಅರಿಯುವುದರಲ್ಲಿದೆ. ಬೆಳಗ್ಗೆ ಬಿಸಿಯೇರಿದ ಗಾಳಿ ಇಳಿಜಾರಿನಲ್ಲಿ ಮೇಲಕ್ಕೂ ಸಂಜೆ ತಂಪಾದ ಗಾಳಿ ಕಣಿವೆಗೂ ಸರಿಯುವುದನ್ನು ಬಲ್ಲ ಅನುಭವಿಗಳು, ಕಷಾಯದ ಬಾಟಲಿಯ ಜೊತೆಗೆ ನುಣ್ಣನೆಯ ಪುಡಿ ತುಂಬಿದ ಪುಟ್ಟ ಡಬ್ಬಿಯೊಂದನ್ನೂ ಜೇಬಿನಲ್ಲಿಟ್ಟಿರುತ್ತಾರೆ. ಗಾಳಿಗೆ ತೂರಿದ ಚಿಟಿಕೆ ಪುಡಿ ಜಿಂಕೆಯ ಜಾಡಿನತ್ತ ತೇಲಿಹೋದರೆ, ಆ ದಿನ ತಾವು ಅಡಗಿ ಕೂರುವ ಮರವನ್ನು ಬಿಟ್ಟು ಬೇರೆ ಮರ ಹತ್ತುತ್ತಾರೆ.