ಬರಿಗೈಯ ದಾನ

ಪೈಗಂಬರ್ ಮಹಮ್ಮದರ ನಡೆನುಡಿಗಳನ್ನು ದಾಖಲಿಸಿದ ಗ್ರಂಥಗಳಿಗೆ ಹದೀಸ್ ಎಂದು ಹೆಸರು. 9ನೆಯ ಶತಮಾನದಲ್ಲಿ ಸಂಗ್ರಹವಾದ ಅಂಥ ಒಂದು ಗ್ರಂಥದಲ್ಲಿ ಈ ಪ್ರಸಂಗ ಬರುತ್ತದೆ. ಪೈಗಂಬರರ ಬಡ ಸಂಗಡಿಗರಲ್ಲಿ ಕೆಲವರು ಅವರ ಬಳಿ ಒಂದು ದೂರನ್ನು ತಂದರು. ಧನಿಕರು ತಮ್ಮಂತೆಯೇ ನಮಾಜು ಮಾಡುತ್ತಾರೆ, ತಮ್ಮಂತೆಯೇ ಉಪವಾಸವಿರುತ್ತಾರೆ. ಆದರೆ ಮಿಕ್ಕ ಹಣವನ್ನು ದಾನಮಾಡಿ ಪುಣ್ಯವನ್ನೆಲ್ಲ ಅವರೇ ಗಳಿಸಿಕೊಳ್ಳುತ್ತಾರೆ ಎಂಬುದೇ ಆ ದೂರು. ಅದರಲ್ಲಿ ಹಸಿವಿನ ಮಾತಿಲ್ಲ, ಧನದ ಬೇಡಿಕೆಯಿಲ್ಲ. ತಾವೂ ಕೊಡುವವರಾಗಬೇಕೆಂಬ ಹಂಬಲವಷ್ಟೇ ಇದೆ. ಬಾಳೆಲ್ಲ ಪಡೆಯುವುದರಲ್ಲಿಯೇ ಕಳೆದವನ ಸಂಕಟವನ್ನು ಬಲ್ಲವರಿಗೆ ಈ ಹಂಬಲದ ತೂಕ ತಿಳಿದೀತು. ದೇವರ ಸ್ಮರಣೆಯ ಒಂದೊಂದು ನುಡಿಯೂ ದಾನವೆಂದೂ ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದೂ ದಾನವೆಂದೂ ಪೈಗಂಬರರು ಅವರನ್ನು ಸಂತೈಸಿದರು.

ಇಸ್ಲಾಮಿನಲ್ಲಿ ದಾನವನ್ನು ಸಾಮಾನ್ಯವಾಗಿ ಎರಡು ಹೆಸರುಗಳಿಂದ ಕರೆಯುವುದುಂಟು. ಜಕಾತ್ ಕಡ್ಡಾಯವಾದುದು. ಗೊತ್ತಾದ ಮಿತಿಯನ್ನು ಮೀರಿದ ಉಳಿತಾಯ ಒಂದು ವರ್ಷ ತನ್ನಲ್ಲಿ ಉಳಿದರೆ, ಅದರ ನಲವತ್ತರಲ್ಲಿ ಒಂದು ಪಾಲನ್ನು, ಎಂದರೆ ಶೇಕಡಾ 2.5ರಷ್ಟನ್ನು, ಅರ್ಹರಿಗೆ ಸಲ್ಲಿಸಬೇಕು. ಇದು ಉಳ್ಳವರ ಹೊಣೆ. ಸದಕಾ ಎಂಬುದು ಮನಃಪೂರ್ವಕವಾಗಿ ಮಾಡುವ ದಾನ. ಸತ್ಯವೆಂಬ ಅರ್ಥವುಳ್ಳ ಅರಬ್ಬೀ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಹಣದ ಗೊಡವೆ ಇರಲೇಬೇಕೆಂದಿಲ್ಲ.

ಸದಕಾ ಪ್ರತಿಯೊಬ್ಬ ಮುಸಲ್ಮಾನನಿಗೂ ವಿಧಿಯೆಂದು ಪೈಗಂಬರರು ಹೇಳಿದಾಗ, ಏನೂ ಇಲ್ಲದವನ ಗತಿಯೇನೆಂದು ಸಂಗಡಿಗರು ಕೇಳಿದರಂತೆ. ಅವನು ಕೈಯಾರ ದುಡಿದು ತಾನೂ ಉಂಡು ಪರರಿಗೂ ಕೊಡಬೇಕೆಂಬ ಉತ್ತರ ಬಂದಿತು. ದುಡಿಯಲಾರದವನು? ಕಷ್ಟದಲ್ಲಿರುವವನಿಗೆ ನೆರವಾಗಬೇಕು. ಅದಕ್ಕೂ ಶಕ್ತಿಯಿಲ್ಲದವನು ನಾಲ್ಕು ಒಳ್ಳೆಯ ಮಾತುಗಳನ್ನಾದರೂ ಆಡಬೇಕು. ಅದೂ ಆಗದವನು ಯಾರಿಗೂ ಕೇಡು ಮಾಡದೆ ಇದ್ದರೆ ಸಾಕು, ಅದೇ ಅವನ ದಾನ. ಪ್ರಶ್ನೆ ಕೇಳಿದವರ ಪಟ್ಟು ಇಲ್ಲಿ ಮೆಚ್ಚತಕ್ಕದ್ದು. ಒಂದೊಂದು ಪ್ರಶ್ನೆಗೂ ದಾನದ ಬಾಗಿಲು ಇನ್ನಷ್ಟು ಅಗಲವಾಗುತ್ತಾ ಹೋಗಿ, ಕೊನೆಗೆ ಹೊರಗುಳಿಯುವವರೇ ಇಲ್ಲದಂತಾಯಿತು.

ದಾರಿಯಲ್ಲಿ ಬಿದ್ದ ಮುಳ್ಳನ್ನೋ ಕಲ್ಲನ್ನೋ ಎತ್ತಿ ಬದಿಗಿಡುವುದು, ಇಬ್ಬರ ವ್ಯಾಜ್ಯವನ್ನು ನ್ಯಾಯವಾಗಿ ತೀರಿಸುವುದು, ಸವಾರನಿಗೆ ಹೊರೆಯನ್ನೇರಿಸಿಕೊಳ್ಳಲು ಕೈ ಹಚ್ಚುವುದು, ಎದುರಾದವನನ್ನು ನಗುಮೊಗದಿಂದ ಕಾಣುವುದು ಇವೆಲ್ಲವೂ ಹದೀಸ್‌ಗಳಲ್ಲಿ ಸದಕಾ ಎನಿಸಿವೆ. ನೆಟ್ಟ ಗಿಡದ ಫಲವನ್ನು ಹಕ್ಕಿ ತಿಂದರೂ ದನ ಮೇದರೂ ನೆಟ್ಟವನಿಗೆ ಅದು ದಾನವಾಗಿ ಸಲ್ಲುತ್ತದೆ. ಬೆಳೆಗೆ ಹಕ್ಕಿಯ ಕಾಟವೆಂದು ಗೊಣಗುವ ರೈತನಿಗೆ ಇದು ಎಷ್ಟರಮಟ್ಟಿಗೆ ಸಮಾಧಾನ ತಂದೀತೋ, ಬೇರೆಯ ಮಾತು!

ಹಣವಿದ್ದ ಮಾತ್ರಕ್ಕೆ ದಾನ ದಾನವಾಗುವುದಿಲ್ಲವೆಂಬ ಎಚ್ಚರವೂ ಇಲ್ಲಿದೆ. ಕೊಟ್ಟು ಹಂಗಿಸುವುದಕ್ಕಿಂತ ಒಂದು ಸವಿನುಡಿ ಮೇಲೆಂಬ ಅಭಿಪ್ರಾಯ ಕುರಾನಿನ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. 107ನೆಯ ಅಧ್ಯಾಯದ ಹೆಸರಾದ 'ಮಾಊನ್' ಎಂಬ ಪದಕ್ಕೆ ಮನೆಬಳಕೆಯ ಸಣ್ಣಪುಟ್ಟ ವಸ್ತುವೆಂದು ಅನೇಕ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಪಾತ್ರೆ, ಕೊಡಲಿ, ಬಾವಿಯ ಕೊಡ ಮುಂತಾದವನ್ನು ನೆರೆಯವರು ಕಡ ಕೇಳಿದಾಗ ಇಲ್ಲವೆನ್ನುವವರನ್ನು ಆ ಅಧ್ಯಾಯ ಖಂಡಿಸುತ್ತದೆ. ಸಾರು ಮಾಡುವಾಗ ನೀರು ತುಸು ಹೆಚ್ಚು ಹೊಯ್ದು ನೆರೆಮನೆಗೂ ಕೊಡಬೇಕೆಂಬ ಸೂಚನೆ ಹದೀಸಿನಲ್ಲಿದೆ. ಅಡುಗೆಮನೆಯ ಬಡತನವನ್ನು ಅರಿತ ಉಪದೇಶವಿದು. ಹೆಚ್ಚಿಸಬೇಕಾದದ್ದು ಮಾಂಸವನ್ನಲ್ಲ, ನೀರನ್ನು. ಕರ್ನಾಟಕದ ಊರುಗಳಲ್ಲಿಯೂ ರಂಜಾನಿನ ಸಂಜೆ, ಉಪವಾಸ ಬಿಡುವ ಹೊತ್ತಿಗೆ, ಮುಚ್ಚಿದ ತಟ್ಟೆಗಳು ಮನೆಯಿಂದ ಮನೆಗೆ ಸಾಗುವುದನ್ನು ಕಾಣಬಹುದು.

ಹಣದ ಹಂಗಿಲ್ಲದ ಈ ಸೇವೆಯಲ್ಲಿ ಅತ್ಯಂತ ಕಠಿಣವಾದುದು ಮೃತರಿಗೆ ಸಲ್ಲಿಸುವ ಸೇವೆ. ಶವಕ್ಕೆ ಸ್ನಾನಮಾಡಿಸುವುದು, ಬಿಳಿಯ ಬಟ್ಟೆ ಹೊದಿಸುವುದು, ಪ್ರಾರ್ಥಿಸಿ ಮಣ್ಣುಮಾಡುವುದು ಇಡೀ ಸಮುದಾಯದ ಹೊಣೆ. ಯಾರಾದರೂ ಕೆಲವರು ಅದನ್ನು ನೆರವೇರಿಸಿದರೆ ಉಳಿದವರ ಹೊಣೆ ಕಳೆಯುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಬಂಧುಬಳಗವಿಲ್ಲದ ಪರಸ್ಥಳದವನು ತೀರಿಕೊಂಡರೂ ಈ ನಿಯಮ ಸಡಿಲವಾಗದು. ಶವಯಾತ್ರೆ ಬೀದಿಯಲ್ಲಿ ಸಾಗುವಾಗ ಅಂಗಡಿಯಲ್ಲಿದ್ದವರು, ದಾರಿಹೋಕರು ಬಂದು ಹೆಗಲು ಕೊಡುತ್ತಾರೆ. ಹತ್ತಾರು ಹೆಜ್ಜೆ ನಡೆದು, ಹಿಂದಿನಿಂದ ಬಂದವರ ಹೆಗಲಿಗೆ ಭಾರವನ್ನು ದಾಟಿಸಿ, ಸತ್ತವನ ಹೆಸರನ್ನೂ ಕೇಳದೆ ತಮ್ಮ ಕೆಲಸಕ್ಕೆ ಮರಳುವವರುಂಟು. ಕಬರಸ್ಥಾನದವರೆಗೆ ಹೋದವರು ಮೂರು ಮೂರು ಹಿಡಿ ಮಣ್ಣು ಹಾಕಿ ಹಿಂದಿರುಗುತ್ತಾರೆ.