ಕೇಕ್ ಬರೆದ ಮೇಷ್ಟ್ರು

ಟಿ.ಎ. ಕೆಲಸ ಮಾಡುವ ನಮ್ಮಂಥವರ ಬಾಯಲ್ಲಿ ಒಂದು ಮಾತು ಸದಾ ಇರುತ್ತೆ: "ಪಾಠ ಮಾಡೋದ್ರಲ್ಲೇ ವಾರ ಮುಗೀತು, ನನ್ನ ಕೆಲಸ ಯಾವಾಗ ಮಾಡ್ಲಿ?" ನಾನೂ ಹಾಗೆ ಗೊಣಗಿದವನೇ. ಸ್ಯಾಕ್ರಮೆಂಟೊದ ಕ್ರಾಕರ್ ಮ್ಯೂಸಿಯಂನಲ್ಲಿ ವೇಯ್ನ್ ಟೀಬೋ ಅವರ ಚಿತ್ರಗಳನ್ನು ನೋಡಿ ಬಂದ ಮೇಲೆ ಗೊಣಗಾಟ ಕೊಂಚ ಕಡಿಮೆಯಾಗಿದೆ.

ಟೀಬೋ ಹುಟ್ಟಿದ್ದು 1920ರಲ್ಲಿ, ಅರಿಜೋನಾದ ಮೇಸಾದಲ್ಲಿ. ಬೆಳೆದದ್ದು ಲಾಂಗ್ ಬೀಚ್‌ನಲ್ಲಿ. ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ; ಆಮೇಲೆ ಅಂಗಡಿ ಬೋರ್ಡು, ವ್ಯಂಗ್ಯಚಿತ್ರ, ಜಾಹೀರಾತು, ಯುದ್ಧಕಾಲದಲ್ಲಿ ವಾಯುಪಡೆ. ಡಿಗ್ರಿ ಕೈಗೆ ಬರುವಾಗ ಮೂವತ್ತು ತುಂಬಿತ್ತು! 1951ರಲ್ಲಿ ಸ್ಯಾಕ್ರಮೆಂಟೊದ ಜೂನಿಯರ್ ಕಾಲೇಜಿನಲ್ಲಿ ಮೇಷ್ಟ್ರಾದರು, 1960ರಲ್ಲಿ ಯುಸಿ ಡೇವಿಸ್ ಸೇರಿದರು.

ನಡುವೆ 1956ರ ಸುಮಾರಿಗೆ ರಜೆ ಹಾಕಿ ನ್ಯೂಯಾರ್ಕಿಗೆ ಹೋಗಿದ್ದರು. ಅಲ್ಲಿ ಆಗ ಅಮೂರ್ತ ಚಿತ್ರಗಳದ್ದೇ ರಾಜ್ಯಭಾರ. ವಿಲಿಯಂ ಡಿ ಕೂನಿಂಗ್ ಅವರ ಪರಿಚಯವೂ ಆಯಿತು. ಆದರೆ ಊರಿಗೆ ಮರಳಿದವರು ಹಿಡಿದದ್ದು ಡ್ರಾಯಿಂಗ್ ಕ್ಲಾಸಿನ ಮೊದಲ ಪಾಠವನ್ನೇ: ವೃತ್ತ, ತ್ರಿಕೋನ, ಅಂಡಾಕಾರ. ತ್ರಿಕೋನ ಒಂದು ತುಂಡು ಪೈ ಆಯಿತು, ಅಂಡಾಕಾರ ತಟ್ಟೆ ಆಯಿತು. ಹಿಂದೆ ಖಾಲಿ ಬಿಳಿ. ನಮ್ಮ ಅಯ್ಯಂಗಾರ್ ಬೇಕರಿಯ ಗಾಜಿನ ಪೆಟ್ಟಿಗೆ ನೋಡಿ ಬೆಳೆದವರಿಗೆ ಆ ಸಾಲು ಸಾಲು ಕೇಕ್ ಅಪರಿಚಿತ ಅನ್ನಿಸಲ್ಲ. ಬಣ್ಣವನ್ನು ಅವರು ಎಷ್ಟು ದಪ್ಪ ಹಚ್ಚುತ್ತಾರೆಂದರೆ, ಕೇಕಿನ ಮೇಲಿನ ಕ್ರೀಮು ಚಿತ್ರವಲ್ಲ, ಕ್ರೀಮೇ! ವಸ್ತುವಿನ ಅಂಚಿಗೆ ಕಿತ್ತಳೆ, ಕೆಂಪು, ನೀಲಿ ಗೆರೆಗಳು ಬೇರೆ. ದೂರದಿಂದ ಅವು ಕಾಣಲ್ಲ, ಆದ್ರೆ ಕೇಕ್ ಬಿಸಿಲಲ್ಲಿಟ್ಟ ಹಾಗೆ ಮಿನುಗುತ್ತೆ.

ಇಂಥ ಚಿತ್ರ ಬರೆದರೆ ತನ್ನನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ ಅಂತ ಅವರಿಗೇ ಅನ್ನಿಸಿತ್ತು. ನ್ಯೂಯಾರ್ಕಿನ ಗ್ಯಾಲರಿಗಳು ಒಂದಾದ ಮೇಲೊಂದು ಬೇಡ ಎಂದವು. ಕೊನೆಗೆ 1962ರಲ್ಲಿ ಅಲನ್ ಸ್ಟೋನ್ ಗ್ಯಾಲರಿಯಲ್ಲಿ ಪ್ರದರ್ಶನ, ದಿಢೀರ್ ಹೆಸರು. ವಾರ್ಹೋಲ್ ಜೊತೆ ಸೇರಿಸಿ 'ಪಾಪ್' ಅಂದರು; ಅವರು ಒಪ್ಪಲಿಲ್ಲ. ನನಗೂ ಅದು ಸರಿ ಕಾಣಲ್ಲ, ಈ ಚಿತ್ರಗಳಲ್ಲಿ ಕುಹಕಕ್ಕಿಂತ ಪ್ರೀತಿಯೇ ಹೆಚ್ಚು.

ಹೆಸರು ಬಂದ ಮೇಲೂ ಡೇವಿಸ್ ಬಿಡಲಿಲ್ಲ. ಹೊಸದಾಗಿ ಪೆನ್ಸಿಲ್ ಹಿಡಿದವರಿಗೂ ಪಾಠ ಹೇಳಿದರು. ಮುಂದೆ ದೊಡ್ಡ ಹೆಸರು ಮಾಡಿದ ಬ್ರೂಸ್ ನೌಮನ್ ಅಲ್ಲೇ ಓದಿದವರು, ಟೀಬೋ ಅವರ ಕೈಕೆಳಗೆ ಟಿ.ಎ. ಆಗಿದ್ದವರು. (ನೋಡಿ, ನಮ್ಮ ಜಾತಿ!) ಶಿಷ್ಯ ಬಣ್ಣದ ಕುಂಚವನ್ನೇ ಬದಿಗಿಟ್ಟು ಬೇರೆ ದಾರಿ ಹಿಡಿದದ್ದು ಬೇರೆ ಮಾತು. 1991ರಲ್ಲಿ ನಿವೃತ್ತಿಯಾದರೂ ಎಷ್ಟೋ ವರ್ಷ ತರಗತಿಗೆ ಬರುತ್ತಲೇ ಇದ್ದರು. ಈ ನಡುವೆ ಸ್ಯಾನ್ ಫ್ರಾನ್ಸಿಸ್ಕೊದ ಕಡಿದಾದ ರಸ್ತೆಗಳು, ಸ್ಯಾಕ್ರಮೆಂಟೊ ನದಿಬಯಲಿನ ಹೊಲಗಳು ಚಿತ್ರಗಳಾದವು. 2020ರಲ್ಲಿ ಅವರ ಪಿನ್‌ಬಾಲ್ ಯಂತ್ರಗಳ ಚಿತ್ರವೊಂದು ಹರಾಜಿನಲ್ಲಿ 1.9 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. 2021ರ ಡಿಸೆಂಬರಿನಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಕ್ರಾಕರ್ ಕಡೆ ಹೋದರೆ 'ಬೋಸ್ಟನ್ ಕ್ರೀಮ್ಸ್' ಗೋಡೆ ಮೇಲಿದೆಯಾ ಅಂತ ಕೇಳಿ. ಇದ್ದರೆ ಹತ್ತಿರ ನಿಂತು, ನೆರಳಿಗೆ ಯಾವ ಬಣ್ಣ ಹಾಕಿದ್ದಾರೆ ನೋಡಿ. ಕಪ್ಪಂತೂ ಅಲ್ಲ.